ದುಂಡಗಿದೆ ಎಂದು ಹೇಳುವುದು ಹೇಗೆ?



ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ತೋಡಾರು ಸಿಗುತ್ತದೆ. ಇಂದು ಅಲ್ಲಿ ಯೆನೆಪೋಯ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ಇದೆ. ಆ ಸೀಮೆಯಲ್ಲಿ ಅಡಿಕೆ ತೋಟಗಳೂ ಪಂಪುಗಳೂ ಬೇಕಾದಷ್ಟು. ಪಂಪಿನ ಶಾಫ್ಟು ಸವೆದರೆ ಲೇತ್ ಇರುವ ವರ್ಕ್‌ಶಾಪಿಗೆ ಒಯ್ಯುತ್ತೇವೆ. ಟರ್ನರ್ ಹೊಸ ಶಾಫ್ಟು ಮಾಡಿ, ಮೈಕ್ರೋಮೀಟರಿನಿಂದ ನಾಲ್ಕಾರು ದಿಕ್ಕಿನಲ್ಲಿ ಅಳೆದು ತೋರಿಸುತ್ತಾರೆ. ಎಲ್ಲ ಕಡೆಯೂ 25 ಮಿಲಿಮೀಟರ್! ಆದರೂ ಕೆಲವೊಮ್ಮೆ ಅದು ಬುಷ್ಷಿನಲ್ಲಿ ಹಿಡಿಯುತ್ತದೆ, ಬಿಸಿಯೇರುತ್ತದೆ. ಕೆಲಸ ವಾಪಸು ಬರುತ್ತದೆ, ಕೂಲಿಯೂ ಹೋಗುತ್ತದೆ. ಅವರು ಅಳೆದದ್ದು ಸುಳ್ಳೇ?

ಸುಳ್ಳಲ್ಲ. ವ್ಯಾಸ ಒಂದೇ ಆಗಿರುವುದು ಬೇರೆ, ದುಂಡಗಿರುವುದು ಬೇರೆ. ಬ್ರಿಟನ್ನಿನಲ್ಲಿ 1969ರಲ್ಲಿ ಚಲಾವಣೆಗೆ ಬಂದ 50 ಪೆನ್ಸ್ ನಾಣ್ಯಕ್ಕೆ ಏಳು ಬದಿಗಳಿವೆ. ಯಾವ ದಿಕ್ಕಿನಲ್ಲಿ ಅಳೆದರೂ ಅಗಲ ಮಾತ್ರ ಒಂದೇ. ಮೂರು ಉಬ್ಬಿನ ಶಾಫ್ಟಿನ ಕತೆಯೂ ಅಷ್ಟೆ. ಒಂದು ಕಡೆ ಉಬ್ಬಿದ್ದರೆ ಅದರ ನೇರ ಎದುರಿಗೆ ತಗ್ಗು. ಮೈಕ್ರೋಮೀಟರಿಗೆ ಎರಡೂ ಸರಿಹೋಗುತ್ತದೆ, ಬುಷ್ಷಿಗೆ ಹೋಗುವುದಿಲ್ಲ.

ಈ ಉಬ್ಬುಗಳು ಬರುವುದೆಲ್ಲಿಂದ? ಸೆಂಟರ್‌ಲೆಸ್ ಗ್ರೈಂಡಿಂಗಿನಲ್ಲಿ ವಸ್ತುವಿಗೆ ಅದರ ಹೊರಮೈಯೇ ಆಧಾರ. ಆ ಮೈಯ ಒಂದು ಉಬ್ಬು ಆಧಾರದ ಮೇಲೆ ಬಂದಾಗ ವಸ್ತು ಸರಿಯುತ್ತದೆ, ಕಲ್ಲು ಬೇರೊಂದೆಡೆ ಹೆಚ್ಚೋ ಕಡಿಮೆಯೋ ಕಡಿಯುತ್ತದೆ. ತೆಳುವಾದ ಬಳೆಯನ್ನು ಮೂರು ದವಡೆಯ ಚಕ್ಕಿನಲ್ಲಿ ಬಿಗಿದು ಒಳಗೆ ಕೊರೆದರೂ ಹೀಗೆಯೇ: ಚಕ್ಕಿನಲ್ಲಿರುವಾಗ ದುಂಡಗೆ, ಬಿಚ್ಚಿದಾಗ ಮುಮ್ಮೂಲೆ.

ಹಾಗಾದರೆ ವಿ-ಬ್ಲಾಕಿನ ಮೇಲೆ ಇಟ್ಟು, ನೆತ್ತಿಗೆ ಡಯಲ್ ಗೇಜು ತಾಗಿಸಿ ತಿರುಗಿಸೋಣ ಎನ್ನುತ್ತೀರಿ. ಒಳ್ಳೆಯದೇ. ಆದರೆ ಬ್ಲಾಕಿನ ಕೋನ ನೋಡಿಕೊಳ್ಳಿ. 60 ಡಿಗ್ರಿಯ ಬ್ಲಾಕು ಮೂರು ಉಬ್ಬಿನ ದೋಷವನ್ನು ಮೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮೊಟ್ಟೆಯಾಕಾರದ ಎರಡು ಉಬ್ಬನ್ನು ತೋರಿಸುವುದೇ ಇಲ್ಲ. ಆ ಎರಡು ಉಬ್ಬನ್ನು ಹಿಡಿಯಬಲ್ಲದ್ದು ಮೈಕ್ರೋಮೀಟರ್. 90 ಡಿಗ್ರಿಯ ಬ್ಲಾಕು ಎರಡನ್ನೂ ತೋರಿಸುತ್ತದೆ, ಏಳು ಉಬ್ಬಿಗೆ ಕುರುಡು.

ಇದಕ್ಕೆಂದೇ ದುಂಡುಮಾಪಕ ಯಂತ್ರಗಳಿವೆ. ಬೆಂಗಳೂರಿನ ಸಿ.ಎಂ.ಟಿ.ಐ.ಯಂಥ ಸಂಸ್ಥೆಗಳಲ್ಲಿ ಅವನ್ನು ಕಾಣಬಹುದು. ಅತಿ ನಿಖರವಾಗಿ ತಿರುಗುವ ಮೇಜಿನ ಮೇಲೆ ವಸ್ತು, ಅದನ್ನು ಸವರುವ ಒಂದು ಮುಳ್ಳು. ಬರುವ ಚಿತ್ರ ಗರಗಸದ ಚಕ್ರದಂತಿದ್ದರೆ ಗಾಬರಿ ಬೇಡ. ಏರಿಳಿತವನ್ನು ಮಾತ್ರ ಸಾವಿರಾರು ಪಟ್ಟು ಹಿಗ್ಗಿಸಲಾಗಿರುತ್ತದೆ.

ಆ ಚಿತ್ರದಿಂದ ಒಂದು ಅಂಕಿ ತೆಗೆಯುವಾಗ ಮತ್ತೆ ತಕರಾರು. ಇಡೀ ಗೆರೆಗೆ ಸರಾಸರಿಯಾಗಿ ಹೊಂದುವ ವೃತ್ತ ಒಂದು, ಗೆರೆಯನ್ನು ಅತಿ ಕಡಿಮೆ ಅಂತರದಲ್ಲಿ ಹಿಡಿದಿಡುವ ಎರಡು ಏಕಕೇಂದ್ರ ವೃತ್ತಗಳು ಇನ್ನೊಂದು ಬಗೆ. ಒಂದೇ ಶಾಫ್ಟಿಗೆ ಎರಡು ಉತ್ತರ ಬರಬಹುದು. ಸಣ್ಣ ಅಲೆಗಳನ್ನು ಎಲ್ಲಿಯವರೆಗೆ ಸೋಸಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದನ್ನೆಲ್ಲ ಹೇಳದೆ "ದೋಷ 5 ಮೈಕ್ರಾನ್" ಎಂದು ಬರೆದ ವರದಿಯನ್ನು ನಾನಂತೂ ನಂಬುವುದಿಲ್ಲ.

ಯಂತ್ರವಿಲ್ಲದ ವರ್ಕ್‌ಶಾಪಿನಲ್ಲಿ ಮೈಕ್ರೋಮೀಟರ್, 60 ಡಿಗ್ರಿಯ ವಿ-ಬ್ಲಾಕು ಎರಡನ್ನೂ ಬಳಸಿ. ಶಾಫ್ಟು ಒಂದು ಸುತ್ತು ಬರುವಷ್ಟರಲ್ಲಿ ಡಯಲಿನ ಮುಳ್ಳು ಎಷ್ಟು ಸಲ ಏರಿತು, ಎಣಿಸಿ. ತೆಳುಬಳೆಯ ಕೆಲಸದಲ್ಲಿ ಮೂರು ಸಲ ಏರಿದರೆ, ಮೊದಲು ಚಕ್ಕಿನ ಬಿಗಿ ಸಡಿಲಿಸಿ ನೋಡಿ.