ಪಟ್ಟಿಯಲ್ಲಿ ಹೆಸರು: ಸ್ಥಳೀಯ ಸಭೆಯ ಸದಸ್ಯತ್ವ ಯಾರಿಗಾಗಿ?



ಕ್ರೈಸ್ತರಾದವರು ಒಂದು ಸ್ಥಳೀಯ ಸಭೆಯ ಸದಸ್ಯರಾಗಿರಲೇಬೇಕೆ? ಅದರಿಂದ ನಿಮ್ಮ ಆತ್ಮಕ್ಕೆ ಒಳ್ಳೆಯದಾಗುತ್ತದೆ ಎಂಬುದು ಈ ಪ್ರಶ್ನೆಗೆ ಸಭಾಪಾಲಕರಾದ ಅಯ್ಯನವರು ಸಾಮಾನ್ಯವಾಗಿ ಕೊಡುವ ಉತ್ತರ. ಕೇಳಿದವರ ಮರುಮಾತು ಸಿದ್ಧವಾಗಿಯೇ ಇರುತ್ತದೆ: ಪ್ರಾರ್ಥನೆ ಮನೆಯಲ್ಲೇ ನಡೆಯುತ್ತದೆ, ಸತ್ಯವೇದ ಕೈಗೆಟಕುವಂತಿದೆ, ಪ್ರಸಂಗ ಮೊಬೈಲಿನಲ್ಲಿ ಸಿಗುತ್ತದೆ, ಅದೂ ಭಾನುವಾರ ಕೇಳುವುದಕ್ಕಿಂತ ಚೆನ್ನಾಗಿರುತ್ತದೆ. ಹೀಗೆ ವಾದಕ್ಕಿಳಿದರೆ ಅಯ್ಯನವರೇ ಸೋಲುತ್ತಾರೆ, ಸೋಲಬೇಕಾದದ್ದೇ. ಏಕೆಂದರೆ ಇಬ್ಬರೂ ಒಂದೇ ಲೆಕ್ಕ ಹಾಕುತ್ತಿದ್ದಾರೆ. ಸಭೆಯಿಂದ ನನಗೇನು ಸಿಗುತ್ತದೆ ಎಂಬ ಲೆಕ್ಕ. ಸಭೆಯ ಪಟ್ಟಿ ಹುಟ್ಟಿದ್ದು ಆ ಲೆಕ್ಕಕ್ಕಾಗಿ ಅಲ್ಲ ಎಂಬುದೇ ಈ ಉಪನ್ಯಾಸದ ವಾದ. ಬಾಯಿಬಿಟ್ಟು ಕೇಳಲಾರದವರ ಪಾಲು ತಪ್ಪದಿರಲಿ, ಅಧಿಕಾರ ಹಿಡಿದವರು ಯಾರಿಗಾದರೂ ಉತ್ತರ ಹೇಳಬೇಕಾಗಿ ಬರಲಿ ಎಂದು ಅದು ಹುಟ್ಟಿತು. ನಾನು ಸದಸ್ಯನಾಗುವುದು ಮೊದಲು ಬೇರೆಯವರ ಅಗತ್ಯ, ಆಮೇಲೆ ನನ್ನದು.

ಸದಸ್ಯತ್ವ ಎಂಬ ಏರ್ಪಾಡು ಸತ್ಯವೇದದಲ್ಲಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ರಿಜಿಸ್ಟರು, ವಂತಿಗೆ, ವಾರ್ಷಿಕ ಮಹಾಸಭೆ ಇವು ಅಲ್ಲಿಲ್ಲ, ನಿಜ. ಆದರೆ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ನೋಡಿ. ಯೆರೂಸಲೇಮಿನ ಸಭೆಯಲ್ಲಿ ಎದ್ದ ಮೊದಲ ಒಳಜಗಳ ದೇವರ ಸ್ವರೂಪದ ಬಗ್ಗೆ ಅಲ್ಲ, ಅನ್ನದ ಬಗ್ಗೆ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿದೆ ಎಂಬ ದೂರು ಬಂತು. ತಪ್ಪುತ್ತಿದೆ ಎಂದು ಹೇಳಬೇಕಾದರೆ ಯಾರಿಗೆ ಸಲ್ಲಬೇಕಿತ್ತು ಎಂಬುದು ಗೊತ್ತಿರಬೇಕು. ಪರಿಹಾರವಾಗಿ ಸಭೆ ಏಳು ಮಂದಿಯನ್ನು ಆರಿಸಿತು. ಅಷ್ಟೂ ಹೆಸರುಗಳು ಗ್ರೀಕ್ ಹೆಸರುಗಳೇ. ದೂರಿದವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದಂತೆ ಕಾಣುತ್ತದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಹೊತ್ತಿಗೆ ಏರ್ಪಾಡು ಇನ್ನೂ ಬಿಗಿಯಾಗಿದೆ: ಅರವತ್ತು ದಾಟಿದ, ಒಳ್ಳೆಯ ನಡತೆಗೆ ಸಾಕ್ಷಿಯಿರುವ ವಿಧವೆಯರ ಹೆಸರು ಪಟ್ಟಿಯಲ್ಲಿ ಸೇರಬೇಕು; ಸಾಕುವ ಮನೆಯವರಿದ್ದರೆ ಅವರೇ ಸಾಕಬೇಕು, ಸಭೆಯ ಮೇಲೆ ಹೊರೆ ಹಾಕಬಾರದು. ಇಷ್ಟು ವಿವರಕ್ಕಿಳಿದ ಸಭೆಗೆ ತನ್ನವರು ಯಾರೆಂದು ಗೊತ್ತಿರಲಿಲ್ಲ ಎನ್ನುವುದು ಹೇಗೆ? ಕ್ರಿ.ಶ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರವೊಂದನ್ನು ಚರಿತ್ರೆಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ತನ್ನ ಸಭೆಯಲ್ಲಿ 46 ಹಿರಿಯರು, 7 ಸಭಾಸೇವಕರು, ಸಭೆಯೇ ಸಾಕುತ್ತಿರುವ ವಿಧವೆಯರೂ ದಿಕ್ಕಿಲ್ಲದವರೂ 1,500ಕ್ಕೂ ಹೆಚ್ಚು ಎಂದು ಅವನು ಎಣಿಸಿ ಹೇಳುತ್ತಾನೆ. ಡೇಸಿಯಸ್ ಚಕ್ರವರ್ತಿ ಕ್ರೈಸ್ತರ ಮೇಲೆ ನಡೆಸಿದ ಹಿಂಸೆ ಮುಗಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹೆಸರುಗಳ ಪಟ್ಟಿ ಶತ್ರುವಿನ ಕೈಗೆ ಸಿಕ್ಕರೆ ಏನಾಗುತ್ತದೆಂದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಆದರೂ ಎಣಿಸಿದರು, ಏಕೆಂದರೆ ಎಣಿಸದೆ ಉಣಿಸಲಾಗುವುದಿಲ್ಲ.

ಕ್ರಿಸ್ತನಲ್ಲಿರುವವರೆಲ್ಲ ಒಂದೇ ಸಭೆ, ಹಾಗಾಗಿ ಇಂಥ ಬೀದಿಯ ಇಂಥ ಸಭೆಗೆ ಸೇರಬೇಕೇಕೆ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಲೋಕದ ಕ್ರೈಸ್ತರನ್ನೆಲ್ಲ ಪ್ರೀತಿಸುವುದು ಬಹಳ ಸುಲಭ. ಅವರಲ್ಲಿ ಯಾರೂ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಫೋನ್ ಮಾಡುವುದಿಲ್ಲ. ನಾವು ಆರಿಸಿಕೊಳ್ಳದ, ಬಹುಶಃ ನಮಗೆ ಹಿಡಿಸದ, ಇಷ್ಟೇ ಜನರ ಹೊಣೆ ನನ್ನದು ಎಂದು ಗೊತ್ತುಮಾಡುವುದು ಸ್ಥಳೀಯ ಸಭೆ. ಸುಮಾರು ಕ್ರಿ.ಶ. 155ರಲ್ಲಿ ಆದಿ ಸಭೆಯ ಬರಹಗಾರ ಜಸ್ಟಿನ್ ಬರೆದ ಭಾನುವಾರದ ಆರಾಧನೆಯ ವರ್ಣನೆಯಲ್ಲಿ, ಬಾರದೆ ಉಳಿದವರ ಮನೆಗೆ ಸಭಾಸೇವಕರು ಭೋಜನದ ಪಾಲನ್ನು ಒಯ್ಯುತ್ತಾರೆ ಎಂಬ ಮಾತಿದೆ. ಯಾರು ಬಂದಿಲ್ಲ ಎಂಬುದು ಗಮನಕ್ಕೆ ಬರುವ ಕೂಟದಲ್ಲಿ ಮಾತ್ರ ಇದು ಸಾಧ್ಯ. ಪ್ರಸಂಗದ ವಿಡಿಯೊವನ್ನು ಲಕ್ಷ ಜನ ನೋಡಬಹುದು. ಈ ವಾರ ನೀವು ನೋಡಲಿಲ್ಲ ಎಂಬುದು ಅದನ್ನು ಹಾಕಿದವರ ಗಮನಕ್ಕೆ ಬರುವುದಿಲ್ಲ.

ಎರಡನೆಯದು ಅಧಿಕಾರದ ಮಾತು. ಸದಸ್ಯರಾದರೆ ಅಯ್ಯನವರ ಹಿಡಿತಕ್ಕೆ ಸಿಕ್ಕಿಬೀಳುತ್ತೇವೆ ಎಂಬ ಭಯ ಹಲವರಿಗಿದೆ. ಹೊಸ ಒಡಂಬಡಿಕೆಯನ್ನು ಓದಿದರೆ ಭಯ ಪಡಬೇಕಾದದ್ದು ಅದರ ವಿರುದ್ಧ ದಿಕ್ಕಿನಲ್ಲಿ ಎನಿಸುತ್ತದೆ. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ತಪ್ಪು ಮಾಡಿದ ಸಹೋದರನ ವಿಷಯ ಕೊನೆಗೆ ಮುಟ್ಟುವುದು ಒಬ್ಬ ಮುಖಂಡನನ್ನಲ್ಲ, ಇಡೀ ಸಭೆಯನ್ನು. ಕೊರಿಂಥದಲ್ಲಿ ಒಬ್ಬನನ್ನು ಹೊರಗಿಡಬೇಕಾಗಿ ಬಂದಾಗ ಪೌಲ ಆ ಕೆಲಸವನ್ನು ನೆರೆದ ಸಭೆಗೇ ವಹಿಸುತ್ತಾನೆ. ಎರಡನೆಯ ಪತ್ರದಲ್ಲಿ ಹೆಚ್ಚಿನವರು ವಿಧಿಸಿದ ಶಿಕ್ಷೆಯೊಂದನ್ನು ನೆನೆದು, ಅಷ್ಟು ಸಾಕು, ಇನ್ನು ಕ್ಷಮಿಸಿ ಸೇರಿಸಿಕೊಳ್ಳಿ ಎನ್ನುತ್ತಾನೆ. ಹೆಚ್ಚಿನವರು ಎನ್ನಬೇಕಾದರೆ ಒಟ್ಟು ಯಾರು ಎಂಬುದು ಗೊತ್ತಿರಬೇಕಷ್ಟೆ. ಇನ್ನೊಂದು ಕಡೆ, ಯೋಹಾನನ ಮೂರನೆಯ ಪತ್ರದಲ್ಲಿ ದಿಯೊತ್ರೇಫನೆಂಬವನು ಬರುತ್ತಾನೆ. ಎಲ್ಲರಿಗಿಂತ ಮುಂದಿರಬೇಕೆಂಬ ಚಟ ಅವನಿಗೆ. ಅತಿಥಿಗಳನ್ನು ತಾನೂ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳುವವರನ್ನು ಸಭೆಯಿಂದ ಹೊರಗಟ್ಟುತ್ತಾನೆ. ಸಭೆಯೊಳಗಿನ ಸರ್ವಾಧಿಕಾರಿ ಇಂದಿನ ಹೊಸ ತಳಿಯೇನಲ್ಲ. ಹಳೆಯ ಸಭಾಕೈಪಿಡಿಯಾದ ದಿದಾಖೆ ಅಲೆಮಾರಿ ಬೋಧಕರನ್ನು ಅಳೆಯಲು ಕೊಡುವ ಅಳತೆಗೋಲು ಸ್ವಾರಸ್ಯವಾಗಿದೆ: ಒಂದು ದಿನ, ಬೇಕಾದರೆ ಎರಡು ದಿನ ಉಳಿಯಲಿ, ಮೂರನೆಯ ದಿನವೂ ಉಳಿದರೆ, ಹೊರಡುವಾಗ ಹಣ ಕೇಳಿದರೆ, ಅವನು ಸುಳ್ಳು ಪ್ರವಾದಿ. ಈ ತೀರ್ಮಾನ ಮಾಡುವವರು ಯಾರು? ಊರಲ್ಲಿ ನೆಲೆನಿಂತ ಸಭೆ. ಬಂದುಹೋಗುವ ಕೇಳುಗರ ಗುಂಪಿಗೆ ಬೋಧಕನನ್ನು ನಿಲ್ಲಿಸಿ ಲೆಕ್ಕ ಕೇಳುವ ಹಕ್ಕಿಲ್ಲ. ಅವರಿಗಿರುವುದು ಎದ್ದುಹೋಗುವ ಹಕ್ಕು ಮಾತ್ರ, ಮತ್ತು ಬೋಧಕನಿಗೆ ಅದರಿಂದ ನಷ್ಟವೇನೂ ಇಲ್ಲ. ಇನ್ನೊಬ್ಬ ಕೇಳುಗ ಬಂದು ಆ ಕುರ್ಚಿಯಲ್ಲಿ ಕೂರುತ್ತಾನೆ.

ಹಾಗಾದರೆ ನಮ್ಮ ಸಭೆಗಳ ಆಸ್ತಿ ವ್ಯಾಜ್ಯ, ಚುನಾವಣೆಯ ಗುಂಪುಗಾರಿಕೆ, ಕೋರ್ಟಿನ ಮೆಟ್ಟಿಲು? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬಹಳ ಮಂದಿ ದೂರವಾಗಿರುವುದು ಇದೇ ಕಾರಣಕ್ಕೆ. ಆದರೆ ದೂರವಾದವರು ಒಂದನ್ನು ಯೋಚಿಸಬೇಕು. ಲೆಕ್ಕಪತ್ರ ತೋರಿಸಿ ಎನ್ನುವ ನಾಲ್ಕು ಜನ ಹೊರಟುಹೋದ ಮೇಲೆ ಆ ಸಭೆಯಲ್ಲಿ ಉಳಿಯುವವರು ಯಾರು? ಒಳ್ಳೆಯವರು ರಾಜೀನಾಮೆ ಕೊಟ್ಟಷ್ಟೂ ಗುಂಪುಗಾರರಿಗೆ ಅನುಕೂಲ. ಸುಧಾರಿಸಲಾಗದಷ್ಟು ಕೆಟ್ಟ ಸಭೆಯನ್ನು ಬಿಡಬೇಕಾಗಿ ಬರಬಹುದು, ಅದನ್ನು ಒಪ್ಪುತ್ತೇನೆ. ಆಗಲೂ ಮಾಡಬೇಕಾದದ್ದು ಇನ್ನೊಂದು ಸಭೆಗೆ ಸೇರುವುದು, ಯಾವುದಕ್ಕೂ ಸೇರದಿರುವುದಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ನಮ್ಮ ದೇಶದ ಮಣ್ಣಿನಿಂದಲೇ ಏಳುತ್ತದೆ. ಇಲ್ಲಿ ಸ್ಥಳೀಯ ಸಭೆ ಎಂದರೆ ಎಷ್ಟೋ ಕಡೆ ಒಂದು ಜಾತಿಯ ಸಭೆ. ಅದಕ್ಕೆ ಸೇರಿ ಎಂದರೆ ಜಾತಿಗೆ ಸೇರಿ ಎಂದಂತಾಗುವುದಿಲ್ಲವೆ? 1833ರ ಘಟನೆಯೊಂದು ಇಲ್ಲಿ ನೆರವಿಗೆ ಬರುತ್ತದೆ. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಆ ವರ್ಷ ದಕ್ಷಿಣದ ಸಭೆಗಳಿಗೆ ಸುತ್ತೋಲೆ ಬರೆದು, ಆರಾಧನೆಯಲ್ಲಿ ಬೇರೆ ಬೇರೆ ಕೂರುವುದು, ಕರ್ತನ ಭೋಜನಕ್ಕೆ ಜಾತಿಯ ಸರದಿಯಲ್ಲಿ ಬರುವುದು ಕೂಡಲೇ ನಿಲ್ಲಬೇಕೆಂದು ವಿಧಿಸಿದರು. ತಂಜಾವೂರಿನಲ್ಲೂ ಮದ್ರಾಸಿನ ವೇಪೇರಿಯಲ್ಲೂ ಮೇಲ್ಜಾತಿಯ ಅನೇಕರು ಸಭೆಯಿಂದ ಹೊರನಡೆದರು. ತಂಜಾವೂರಿನ ಹೆಸರಾಂತ ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿಯವರು ಕೂಡ ಜಾತಿಯ ಕಟ್ಟಳೆಯನ್ನು ಉಳಿಸಿಕೊಳ್ಳಬೇಕೆನ್ನುವ ಪಕ್ಷದವರು. ಹೊರನಡೆದವರು ಕ್ರಿಸ್ತನನ್ನು ಬಿಡಲಿಲ್ಲ, ವೇದ ಓದುವುದನ್ನು ಬಿಡಲಿಲ್ಲ, ಹಾಡುವುದನ್ನಂತೂ ಬಿಡಲೇ ಇಲ್ಲ. ಅವರಿಗೆ ಆಗದೆ ಹೋದದ್ದು ಒಂದೇ: ಬೇರೆ ಜಾತಿಯವರ ಪಕ್ಕದಲ್ಲಿ ಕೂತು ಅದೇ ಬಟ್ಟಲಿನಲ್ಲಿ ಕುಡಿಯುವುದು. ನಂಬಿಕೆ ಖಾಸಗಿಯಾಗಿ ಉಳಿಯುವಷ್ಟು ಕಾಲ ಜಾತಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಒಂದೇ ಸಭೆಯ ಸದಸ್ಯತ್ವ ಎಂದಾಗ ಮಾತ್ರ ಅದಕ್ಕೆ ಪೆಟ್ಟು ಬೀಳುತ್ತದೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು, ಇಲ್ಲದವರು ಹಸಿದು ಕೂತಾಗ ಪೌಲ ಸಿಟ್ಟಾದದ್ದೂ ಇದಕ್ಕೇ. ಮನೆಯಲ್ಲೇ ಉಂಡು ಬನ್ನಿ, ಕೂಡಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಬುದ್ಧಿ ಹೇಳಿದನೇ ಹೊರತು, ಕೂಟವನ್ನೇ ಮುಚ್ಚಿ ಎನ್ನಲಿಲ್ಲ. ಒಂದು ಜಾತಿಯದಾಗಿ ಉಳಿದ ಸಭೆ ತನ್ನ ಕೆಲಸದಲ್ಲಿ ಸೋತ ಸಭೆ. ಅದರ ಬಾಗಿಲಲ್ಲಿ ಬೇರೆ ಜಾತಿಯ ಕ್ರೈಸ್ತರೊಬ್ಬರು ನಿಂತು, ನನ್ನ ಹೆಸರನ್ನೂ ಬರೆದುಕೊಳ್ಳಿ ಎಂದರೆ ಆ ಸೋಲು ಎಲ್ಲರೆದುರು ಬಯಲಾಗುತ್ತದೆ. ಸುಮ್ಮನೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋದರೆ ಬಯಲಾಗುವುದಿಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು ನೆನಪಿಗೆ ಬರಬಹುದು: ಸಭೆ ಎಂದರೆ ಹೊಟ್ಟೆಪಾಡು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಮತಾಂತರವಾದವರು ಮನೆ, ಭೂಮಿ, ಕಸುಬು ಕಳೆದುಕೊಂಡಾಗ ಮಿಶನ್ ಮಗ್ಗ ಹಾಕಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಸಭೆಯ ಶಿಸ್ತೂ ಕೂಲಿಯ ಶಿಸ್ತೂ ಒಂದರೊಳಗೊಂದು ಬೆರೆತವು, ಅದು ಆರೋಗ್ಯಕರವಾಗಿರಲಿಲ್ಲ. ಆದರೆ ಮೊದಲ ಮಹಾಯುದ್ಧ ಇದನ್ನು ಪರೀಕ್ಷೆಗೆ ಒಡ್ಡಿತು. ಜರ್ಮನ್ ಮಿಶನರಿಗಳು ಬಂಧಿತರಾದರು, ದೇಶ ಬಿಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಕೂಲಿಗಾಗಿ ಮಾತ್ರ ಕೂಡಿದ ಗುಂಪಾಗಿದ್ದರೆ ಮಾಲೀಕ ಬದಲಾದೊಡನೆ ಅದು ಚದುರಬೇಕಿತ್ತು. ಸಭೆಗಳು ಚದುರಲಿಲ್ಲ, ಇಲ್ಲಿನ ಅಯ್ಯನವರು, ಇಲ್ಲಿನ ಹಿರಿಯರು ನಡೆಸಿಕೊಂಡು ಬಂದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು, ಮಂಗಳೂರಿನ ಈ ಸಭೆಗಳು ಅದರ ಭಾಗವಾದವು.

ಅತ್ಯಂತ ಆಳವಾದ ಆಕ್ಷೇಪವನ್ನು ಎತ್ತಿದವರು ಸಭೆಯ ವೈರಿಗಳಲ್ಲ. ಮರಾಠಿ ಕವಿ ನಾರಾಯಣ ವಾಮನ ಟಿಳಕ್ 1917ರಲ್ಲಿ ಮಿಶನ್ನಿನ ಕೆಲಸ ಬಿಟ್ಟು, ದೀಕ್ಷಾಸ್ನಾನ ಪಡೆದವರೂ ಪಡೆಯದವರೂ ಕೂಡಬಹುದಾದ ದೇವರ ದರಬಾರು ಕಟ್ಟಹೊರಟರು. 1919ರಲ್ಲಿ ಅವರು ತೀರಿಕೊಂಡ ಮೇಲೆ ಅದು ಬೆಳೆಯಲಿಲ್ಲ. ಬೆಂಗಳೂರಿನಲ್ಲಿ ಕ್ರೈಸ್ತ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯನ್ನು ನಡೆಸುತ್ತಿದ್ದ ಎಂ.ಎಂ. ಥಾಮಸ್, ಕ್ರಿಸ್ತನನ್ನು ಅನುಸರಿಸಲು ದೀಕ್ಷಾಸ್ನಾನದ ಗಡಿ ದಾಟಿ ಸಭೆಗೆ ಸೇರಲೇಬೇಕೆ ಎಂಬ ಈ ಪ್ರಶ್ನೆಗೆ ಇನ್ನಷ್ಟು ಮೊನೆ ಕೊಟ್ಟರು. ಭಾರತದಲ್ಲಿ ದೀಕ್ಷಾಸ್ನಾನವೆಂದರೆ ಒಂದು ಕೋಮಿನಿಂದ ಇನ್ನೊಂದು ಕೋಮಿಗೆ ಹೆಸರು ಬದಲಾಯಿಸುವುದು ಎಂದಾಗಿಬಿಟ್ಟಿದೆ, ಹೀಗಿರುವಾಗ ಕ್ರಿಸ್ತಕೇಂದ್ರಿತ ಬಳಗ ಹಿಂದೂ ಸಮುದಾಯದ ಒಳಗೇ ಏಕೆ ರೂಪುಗೊಳ್ಳಬಾರದು ಎಂದು ಕೇಳಿದರು. ಬಿಷಪ್ ಲೆಸ್ಲಿ ನ್ಯೂಬಿಗಿನ್ ಎದುರುತ್ತರ ಕೊಟ್ಟರು, ಎಪ್ಪತ್ತರ ದಶಕದ ಆರಂಭದಲ್ಲಿ ಇಬ್ಬರ ನಡುವೆ ಒಳ್ಳೆಯ ಚರ್ಚೆಯೇ ನಡೆಯಿತು. ನ್ಯೂಬಿಗಿನ್ ಅವರ ವಾದದ ತಿರುಳನ್ನು ಹೀಗೆ ಹೇಳಬಹುದು: ಬಳಗ ಎಂದ ಮೇಲೆ ಅದಕ್ಕೆ ಕಣ್ಣಿಗೆ ಕಾಣುವ ರೂಪ ಬಂದೇ ಬರುತ್ತದೆ, ಬಂದರೆ ಅದೇ ಸಭೆ, ಬಾರದಿದ್ದರೆ ಅದು ಬಳಗವಲ್ಲ. ಈ ವಾದ ನನಗೆ ಸರಿಯೆನಿಸುತ್ತದೆ. ಥಾಮಸ್ ಅವರ ಬಾಳೂ ಅದರ ಕಡೆಗೇ ಸಾಕ್ಷಿ ಹೇಳುತ್ತದೆ. ಸಭೆಯ ಗಡಿಗಳನ್ನು ಅಷ್ಟು ಪ್ರಶ್ನಿಸಿದ ಅವರು ಮಾರ್ ಥೋಮ ಸಭೆಯ ಸದಸ್ಯರಾಗಿಯೇ ಉಳಿದರು, ಒಳಗಿನವರಾಗಿಯೇ ಟೀಕಿಸಿದರು.

ಆದರೂ ಥಾಮಸ್ ಅವರ ಪ್ರಶ್ನೆಯ ಒಂದು ಭಾಗಕ್ಕೆ ತರ್ಕದಿಂದ ಉತ್ತರ ಕೊಡಲಾಗದು. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಅನ್ವಯಿಸಿತು; 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. ದಲಿತ ಕುಟುಂಬವೊಂದಕ್ಕೆ ಸಭೆಯ ಪಟ್ಟಿಯಲ್ಲಿ ಹೆಸರು ಬರೆಸುವುದೆಂದರೆ ಮಕ್ಕಳ ವಿದ್ಯಾರ್ಥಿವೇತನ, ಮೀಸಲಾತಿ ಕೈಬಿಡುವುದೂ ಆಗಬಹುದು. ಈ ಬೆಲೆ ತೆರಬೇಕಿಲ್ಲದವರು ತೆರಬೇಕಾದವರಿಗೆ ಸದಸ್ಯತ್ವದ ಮಹತ್ವವನ್ನು ಬೋಧಿಸುವುದು ನಾಚಿಕೆಗೇಡು. ನಾನು ಮೊದಲು ಹೇಳಿದ ವಾದವೇ ಇಲ್ಲಿ ಸಭೆಯ ಕಡೆಗೆ ತಿರುಗುತ್ತದೆ: ಹೆಸರು ಕೊಡು ಎಂದು ಕೇಳುವ ಸಭೆ, ಆ ಹೆಸರಿನಿಂದ ಬರುವ ನಷ್ಟದಲ್ಲಿ ಪಾಲು ಹೊರಲು ಸಿದ್ಧವಿರಬೇಕು. ಆ ಮಕ್ಕಳ ಶುಲ್ಕಕ್ಕೆ ಸಭೆಯ ಬಜೆಟ್ಟಿನಲ್ಲಿ ಜಾಗವಿಲ್ಲದೆ, ಗೋಪುರದ ದುರಸ್ತಿಗೆ ಮಾತ್ರ ಜಾಗವಿದ್ದರೆ, ಹೆಸರು ಕೊಡದೆ ಹಿಂದೆ ನಿಂತವರನ್ನು ದೂರುವ ಬಾಯಿ ಅದಕ್ಕಿಲ್ಲ.

ಇನ್ನು ಉಳಿದದ್ದು ಊರು ಬಿಟ್ಟವರ ವಿಷಯ. ಉಡುಪಿ, ಮಂಗಳೂರು, ಧಾರವಾಡದಿಂದ ಬೆಂಗಳೂರಿಗೋ ಗಲ್ಫ್ ದೇಶಗಳಿಗೋ ದುಡಿಯಲು ಹೋದ ಎಷ್ಟೋ ಮಂದಿ ಊರಿನ ಸಭೆಯಲ್ಲಿ ವಂತಿಗೆ ಕಟ್ಟಿ ಹೆಸರು ಉಳಿಸಿಕೊಳ್ಳುತ್ತಾರೆ. ಮಕ್ಕಳ ಮದುವೆಯ ಪ್ರಕಟಣೆ ಅಲ್ಲಿ ಓದಬೇಕು, ಕೊನೆಗೆ ಅಲ್ಲಿನ ಸಮಾಧಿಭೂಮಿಯಲ್ಲಿ ಜಾಗ ಬೇಕು. ನಡುವಿನ ಮೂವತ್ತು ವರ್ಷ ಮಾತ್ರ ಬದುಕುತ್ತಿರುವ ಊರಿನ ಸಭೆಯಲ್ಲಿ ಅತಿಥಿಗಳು. ಅಲ್ಲಿ ಅವರನ್ನು ಯಾರೂ ಏನೂ ಕೇಳುವಂತಿಲ್ಲ, ಅವರೂ ಯಾರನ್ನೂ ಏನೂ ಕೇಳುವಂತಿಲ್ಲ. ಊರಿನ ಮೇಲಿನ ಮಮತೆ ತಪ್ಪಲ್ಲ, ಆದರೆ ಊರಿನ ಸಭೆಗೆ ಅವರ ಹಣ ಮಾತ್ರ ತಲುಪುತ್ತದೆ; ಇರುವ ಊರಿನ ಸಭೆಗೆ ಅವರ ಹೊಣೆ ತಲುಪುವುದೇ ಇಲ್ಲ. ರೋಮಿಗೆ ಹೊರಟ ಕೆಂಖ್ರೆಯ ಫೊಯಿಬೆಗೆ ಪೌಲ ಶಿಫಾರಸು ಬರೆದು, ಆಕೆಯನ್ನು ಸೇರಿಸಿಕೊಳ್ಳಿ, ಬೇಕಾದ ನೆರವು ಕೊಡಿ, ಆಕೆಯೂ ಅನೇಕರಿಗೆ ನೆರವಾದವಳು ಎಂದು ತಿಳಿಸಿದ. ಒಂದು ಸಭೆ ಇನ್ನೊಂದಕ್ಕೆ ಕೊಡುವ ವರ್ಗಾವಣೆ ಪತ್ರದ ಹಿಂದೆ ಇರುವುದು ಈ ಪದ್ಧತಿಯೇ. ಆ ಪತ್ರವನ್ನು ಕೇಳಿ ಪಡೆದು, ಹೊಸ ಊರಿನಲ್ಲಿ ಕೊಟ್ಟು, ಅಲ್ಲಿನ ಪಟ್ಟಿಯಲ್ಲಿ ಹೆಸರು ಬರೆಸುವುದು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಆಗಬೇಕು. ಸಮಾಧಿಯ ಜಾಗದ ವಿಚಾರವನ್ನು ಎರಡು ಸಭೆಗಳ ಹಿರಿಯರು ಕೂತು ಮಾತಾಡಿ ಬಗೆಹರಿಸಿಕೊಳ್ಳಬಹುದು. ಅದಕ್ಕಾಗಿ ಒಬ್ಬರ ಇಡೀ ನಡುವಯಸ್ಸನ್ನು ಪಟ್ಟಿಯಿಂದ ಹೊರಗಿಡಬೇಕಾಗಿಲ್ಲ.