ಬಾನುಲಿಯ ದನಿ ಎಲ್ಲಿಯವರೆಗೆ?



ಬಾನುಲಿ ನಿಲಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸ್ಟುಡಿಯೋ, ಮೈಕು ಮತ್ತು ಉದ್ಘೋಷಕರು. ಆದರೆ ಆ ದನಿ ಹಳ್ಳಿಯ ಜಗಲಿಯನ್ನು ಮುಟ್ಟುವುದು ಊರಾಚೆಯ ಬಯಲಿನಲ್ಲಿರುವ ಪ್ರೇಷಕದಿಂದ, ಅಂದರೆ ಟ್ರಾನ್ಸ್‌ಮಿಟರಿನಿಂದ. ಒಂದು ಪ್ರಾದೇಶಿಕ ನಿಲಯದ ಎಲ್ಲೆಯನ್ನು ನಿರ್ಧರಿಸುವುದು ಜಿಲ್ಲೆಯ ಗಡಿಯಲ್ಲ, ಪ್ರೇಷಕದ ಅಲೆ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು! ಅವರ ನಿಲಯದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ಬಾನುಲಿಗೂ ಅದೇ ಹೆಸರಾಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ನಿಲಯಗಳು ಆರಂಭವಾದವು. ಬೆಂಗಳೂರಿನ ಮಧ್ಯಮ ತರಂಗದ ಪ್ರೇಷಕ ಕಾಲಾನಂತರ 200 ಕಿಲೋವ್ಯಾಟ್ ಮುಟ್ಟಿತು. ಶಕ್ತಿ ಆರು ಸಾವಿರ ಪಟ್ಟಿಗೂ ಹೆಚ್ಚಿತೆಂದು ದೂರವೂ ಅಷ್ಟೇ ಹೆಚ್ಚುವುದಿಲ್ಲ. ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ಒಂದು ಜಾಗದಲ್ಲಿ ಅಲೆಯ ಬಲ ಎರಡು ಪಟ್ಟಾಗುತ್ತದೆ, ಅಷ್ಟೇ.

ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಇಷ್ಟು ಉದ್ದದ ಅಲೆ ಗುಡ್ಡಗಳನ್ನು ಬಳಸಿಕೊಂಡು ನೆಲಕ್ಕಂಟಿ ಸಾಗಬಲ್ಲದು. ಅದನ್ನು ಹೊರಡಿಸಲು ಗೋಪುರವೇ ಆಂಟೆನಾ. ಅದು ಪಿಂಗಾಣಿಯ ಅವಾಹಕದ ಮೇಲೆ ನಿಲ್ಲುತ್ತದೆ. ಅದರ ಬುಡದಿಂದ ತಾಮ್ರದ ತಂತಿಗಳು ಚಕ್ರದ ಕಡ್ಡಿಗಳಂತೆ ಮಣ್ಣಿನಡಿ ಹರಡಿರುತ್ತವೆ. ದಾರಿಹೋಕರಿಗೆ ಖಾಲಿ ನಿವೇಶನದಂತೆ ಕಾಣುವ ಆ ಬಯಲು ವಾಸ್ತವವಾಗಿ ಯಂತ್ರದ ಒಂದು ಭಾಗ. ತೇವದ ಮಣ್ಣಿನಲ್ಲಿ ಅಲೆ ದೂರ ಹೋಗುತ್ತದೆ. ಒಣ ಕಲ್ಲುನೆಲ ಅದನ್ನು ಬೇಗ ಹೀರಿಬಿಡುತ್ತದೆ.

ಹಗಲಿನಲ್ಲಿ ಆಕಾಶದತ್ತ ಹೋದ ಅಲೆಯನ್ನು ಅಯಾನುಗೋಳದ ಕೆಳಪದರ ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಮೇಲಿನ ಪದರಗಳು ಅಲೆಯನ್ನು ಹಿಂದಿರುಗಿಸುತ್ತವೆ. ರಾತ್ರಿ ದೂರದ ಊರಿನ ನಿಲಯ ಕೇಳಿಸುವುದೂ ದನಿ ಏರಿಳಿಯುವುದೂ ಇದರಿಂದಲೇ.

ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರ್. ಧ್ವನಿ ಸ್ವಚ್ಛ, ಸಂಗೀತಕ್ಕೆ ಬಹಳ ಯೋಗ್ಯ. ಆದರೆ ಅದು ಹೆಚ್ಚುಕಡಿಮೆ ದೃಷ್ಟಿಯ ನೇರಕ್ಕೆ ಸಾಗುತ್ತದೆ; 100 ಮೀಟರ್ ಎತ್ತರದ ಗೋಪುರದಿಂದ ಸಮತಟ್ಟು ನೆಲದಲ್ಲಿ ಸುಮಾರು 40 ಕಿಲೋಮೀಟರ್. ಮಲೆನಾಡಿನ ಕಣಿವೆಯಲ್ಲಿ ಒಂದು ಗುಡ್ಡ ಅಡ್ಡ ಬಂದರೂ ಸಾಕು, ದನಿ ಕ್ಷೀಣಿಸುತ್ತದೆ. ಈಚಿನ ವರ್ಷಗಳಲ್ಲಿ ದೇಶದ ಹಲವು ಮಧ್ಯಮ ತರಂಗ ಪ್ರೇಷಕಗಳು ನಿಂತಿವೆ. ಅವುಗಳ ವಿದ್ಯುತ್ ಖರ್ಚು ದೊಡ್ಡದು, ನಿಜ. ಆದರೆ ಬಿರುಮಳೆಗೆ ವಿದ್ಯುತ್ತೂ ಮೊಬೈಲ್ ಗೋಪುರವೂ ಕೈಕೊಟ್ಟ ದಿನ, ಕಣಿವೆಯ ಮನೆಗೆ ಎಚ್ಚರಿಕೆ ಮುಟ್ಟಿಸಲು ಎರಡು ಸೆಲ್ಲಿನ ಟ್ರಾನ್ಸಿಸ್ಟರೇ ಉಳಿಯುತ್ತದೆ. ದೂರದರ್ಶನದವನಾದ ನಾನೂ ಇದನ್ನು ಒಪ್ಪಲೇಬೇಕು. ಎಫ್.ಎಂ. ಪೂರ್ತಿಯಾಗಿ ತಲುಪಿದೆಯೆಂದು ಅಳೆದು ನೋಡದೆ ಹಳೆಯ ಪ್ರೇಷಕವನ್ನು ಆರಿಸುವುದು ಅವಸರದ ಕೆಲಸ.

ಮಧ್ಯಮ ತರಂಗ ಹಿಡಿಯುವ ಟ್ರಾನ್ಸಿಸ್ಟರ್ ಮನೆಯಲ್ಲಿದ್ದರೆ ಹಗಲಿನಲ್ಲಿ ಒಂದು ಪ್ರಯೋಗ ಮಾಡಿ. ನಿಲಯವೊಂದನ್ನು ಹಿಡಿದು ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿ. ದನಿ ಅತಿ ಕ್ಷೀಣವಾದಾಗ ಒಳಗಿನ ಫೆರೈಟ್ ಕಡ್ಡಿಯ ಎರಡು ತುದಿಗಳಲ್ಲಿ ಒಂದು ಪ್ರೇಷಕದತ್ತ ಮುಖ ಮಾಡಿರುತ್ತದೆ. ನಕ್ಷೆಯಲ್ಲಿ ಆ ದಿಕ್ಕಿಗೆ ಗೆರೆ ಎಳೆಯಿರಿ. ಬೇರೊಂದು ಊರಿನ ಗೆಳೆಯನೂ ಹಾಗೆಯೇ ಎಳೆಯಲಿ. ಗೆರೆಗಳು ಸೇರುವಲ್ಲಿ ಆ ಬಯಲು ಇರುತ್ತದೆ.