ಸದ್ದಿಗೂ ದಿಕ್ಕುಂಟು
(ಉಪನ್ಯಾಸದ ಬರಹರೂಪ)



ರಾಮನಾಥಪುರದ ವಹ್ನಿಪುಷ್ಕರಿಣಿಯ ಬಳಿ, ಕಾವೇರಿಯ ದಡದಲ್ಲಿ ಕಣ್ಣು ಮುಚ್ಚಿ ಕುಳಿತವರಿಗೂ ಊರು ಕಾಣುತ್ತದೆ. ಎದುರಿಗೆ ಬಂಡೆಗೆ ತಾಕುವ ನೀರು, ಹಿಂದೆ ದೇಗುಲದ ಗಂಟೆ, ಮೇಲೆ ಮರದ ಹಕ್ಕಿ, ಪಕ್ಕದಲ್ಲಿ ಪಂಪುಸೆಟ್ಟು. ಪ್ರತಿಯೊಂದು ಸದ್ದಿಗೂ ಒಂದು ದಿಕ್ಕುಂಟು. ಪಕ್ಕದ ಸದ್ದು ಒಂದು ಕಿವಿಯನ್ನು ತುಸು ಮೊದಲು, ತುಸು ಜೋರಾಗಿ ಮುಟ್ಟುತ್ತದೆ. ಆ ಅಂತರ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮಿದುಳಿಗೆ ಅಷ್ಟೇ ಸಾಕು.

ಸಾಮಾನ್ಯ ಧ್ವನಿಮುದ್ರಣದಲ್ಲಿ ಈ ದಿಕ್ಕು ಕಳೆದುಹೋಗುತ್ತದೆ. ಒಂದೇ ಮೈಕಿನಲ್ಲಿ ಎಲ್ಲ ಸದ್ದೂ ಒಂದೇ ಗಂಟಾಗುತ್ತದೆ. ಎರಡು ಮೈಕುಗಳಿದ್ದರೆ ಎಡಬಲ ತಿಳಿದೀತು. ಹಿಂದುಮುಂದು, ಮೇಲುಕೆಳಗು ಖಚಿತವಾಗದು. 1970ರ ದಶಕದಲ್ಲಿ ಇಂಗ್ಲೆಂಡಿನ ಮೈಕೆಲ್ ಗರ್ಜನ್ ಮತ್ತು ಪೀಟರ್ ಕ್ರೇವನ್ ಇದಕ್ಕೊಂದು ಉಪಾಯ ಕಂಡುಕೊಂಡರು. ಸದ್ದಿಗೆ ಕಂಪಿಸಿ ಅದನ್ನು ವಿದ್ಯುತ್ತಾಗಿಸುವ, ಮೈಕಿನೊಳಗಿನ ಪುಟ್ಟ ಭಾಗಕ್ಕೆ ಕ್ಯಾಪ್ಸೂಲ್ ಎಂದು ಹೆಸರು. ನಾಲ್ಕು ತ್ರಿಕೋನ ಮುಖಗಳುಳ್ಳ ಪುಟ್ಟ ಆಕೃತಿಯೊಂದರ ಪ್ರತಿ ಮುಖಕ್ಕೂ ಒಂದೊಂದು ಕ್ಯಾಪ್ಸೂಲನ್ನು ಒತ್ತೊತ್ತಾಗಿ ಕೂರಿಸುವುದೇ ಆ ಉಪಾಯ. ಪ್ರತಿಯೊಂದೂ ತನ್ನ ಮುಂದಿನ ಸದ್ದನ್ನು ಹೆಚ್ಚಾಗಿ, ಬೆನ್ನ ಹಿಂದಿನದನ್ನು ಕಡಿಮೆಯಾಗಿ ಹಿಡಿಯುತ್ತದೆ. ನಾಲ್ಕರಲ್ಲಿ ಎರಡು ಮುಂದಕ್ಕೆ, ಎರಡು ಹಿಂದಕ್ಕೆ ಮುಖಮಾಡಿರುತ್ತವೆ. ಅವೇ ನಾಲ್ಕರಲ್ಲಿ ಎರಡು ಎಡಕ್ಕೆ, ಎರಡು ಬಲಕ್ಕೆ. ಎರಡು ಮೇಲಕ್ಕೆ, ಎರಡು ಕೆಳಕ್ಕೆ ವಾಲಿರುತ್ತವೆ.

ಉಳಿದದ್ದು ಶಾಲೆಯ ಕೂಡುವ, ಕಳೆಯುವ ಲೆಕ್ಕ. ನಾಲ್ಕನ್ನೂ ಕೂಡಿದರೆ ಸುತ್ತಲಿನ ಒಟ್ಟು ಸದ್ದು ದೊರೆಯುತ್ತದೆ. ಮುಂದಿನೆರಡರ ಮೊತ್ತದಿಂದ ಹಿಂದಿನೆರಡರ ಮೊತ್ತವನ್ನು ಕಳೆದರೆ ಹಿಂದುಮುಂದಿನ ವ್ಯತ್ಯಾಸ. ಹಾಗೆಯೇ ಎಡಬಲದ್ದು, ಮೇಲುಕೆಳಗಿನದ್ದು. ಈ ನಾಲ್ಕು ಎಳೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಮುದ್ರಣ ಮುಗಿದು ವರ್ಷಗಳಾದ ಮೇಲೂ ಬೇಕಾದ ದಿಕ್ಕಿಗೆ ಕಿವಿಗೊಡಬಹುದು. ಕೇಳುಗರ ಸುತ್ತ ಸ್ಪೀಕರುಗಳನ್ನಿಟ್ಟರೆ ನೀರು ಎದುರಿಗೆ, ಗಂಟೆ ಹಿಂದಕ್ಕೆ ಮರಳುತ್ತವೆ.

ಉಪಕರಣಕ್ಕೆ ಮಿತಿಗಳೂ ಉಂಟು. ನಾಲ್ಕು ಕ್ಯಾಪ್ಸೂಲುಗಳು ಒಂದೇ ಬಿಂದುವಿನಲ್ಲಿ ಇರಲಾರವಾದ್ದರಿಂದ ತೀರ ಕೀರಲು ಸದ್ದುಗಳ ದಿಕ್ಕು ಮಸುಕಾಗುತ್ತದೆ. ಗಾಳಿಗೆ ಮರೆ ಬೇಕು. ದಿಕ್ಕು ತಿಳಿದರೂ ದೂರ ತಿಳಿಯದು. ಅದಕ್ಕೆ ಎರಡು ಕಡೆ ಮೈಕುಗಳನ್ನಿಟ್ಟು, ದಿಕ್ಕಿನ ಗೆರೆಗಳು ಸಂಧಿಸುವ ಸ್ಥಳವನ್ನು ಗುರುತಿಸಬೇಕು.

ಆದರೂ ಮಲೆನಾಡಿಗೆ ಇದು ಬೇಕಾದ ವಿದ್ಯೆ. ಘಟ್ಟದ ತೊರೆಗಳ ಅನೇಕ ಜೀವಿಗಳು ಇರುಳಿನಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ. ಉತ್ತರ ಕನ್ನಡದ ಕುಂಬಾರ ಕಪ್ಪೆಯೇ ವಿಜ್ಞಾನಕ್ಕೆ ಪರಿಚಯವಾದದ್ದು 2014ರಲ್ಲಿ. ಕೇಳಿಸಿಕೊಳ್ಳುವ ಮೊದಲೇ ಮೌನವಾದ ಜೀವಿಗಳ ಲೆಕ್ಕ ಯಾರಲ್ಲಿದೆ?

ರಾಮನಾಥಪುರದ ಜನ ಹೊಳೆಯ ಮೀನನ್ನು ದೇವರದೆಂದು ಕಾಯ್ದುಕೊಂಡು ಬಂದಿದ್ದಾರೆ. ಅದೇ ಹೊಳೆಯ ಸದ್ದಿಗೆ ಅಂಥ ಕಾವಲಿಲ್ಲ. ಪ್ರತಿವರ್ಷ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಮೈಕನ್ನು ಅದೇ ದಿಕ್ಕಿಗಿಟ್ಟು ಮುದ್ರಿಸಿದರೆ, ಯಾವ ದಡ ಮೂಕವಾಯಿತು, ಯಾವ ಕಡೆಯಿಂದ ಯಂತ್ರದ ಸದ್ದು ನುಗ್ಗಿತು ಎಂಬುದಕ್ಕೆ ದಾಖಲೆ ಉಳಿಯುತ್ತದೆ. ಮೊದಲು ಹೀಗಿರಲಿಲ್ಲವೆಂಬ ಹಿರಿಯರ ಮಾತನ್ನು ಆಗ ಯಾರೂ ಸುಲಭವಾಗಿ ತಳ್ಳಿಹಾಕಲಾರರು.